ಗೃಹಿಣಿಯ ಅಡಿಗೆಮನೆ: ಒಂದು ಕೋಳಿ, ಎಂಟು ಎಲೆ

ಮಾರ್ಗಶಿರ ಕಳೆದು ಪುಷ್ಯಮಾಸ ಬಂದಿತೆಂದರೆ ನಮ್ಮ ದುರ್ಗದ ಸೀಮೆಯಲ್ಲಿ ಗಾಳಿಯ ಗುಣವೇ ಬೇರೆಯಾಗುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 730 ಮೀಟರು ಎತ್ತರದಲ್ಲಿರುವ ಈ ನೆಲದ ಮೇಲೆ ಬೀಸುವ ಒಣಗಾಳಿಯು ಮಕ್ಕಳ ತುಟಿಯನ್ನೂ ಹಿರಿಯರ ಹಿಮ್ಮಡಿಯನ್ನೂ ಒಡೆಯಿಸದೆ ಬಿಡುವುದಿಲ್ಲ. ಸಂಜೆಯಾಯಿತೆಂದರೆ ಮನೆಮಂದಿಯೆಲ್ಲ ಒಲೆಯ ಸಮೀಪಕ್ಕೆ ಸರಿಯುವರು. ಆದರೆ ಚಳಿಯನ್ನು ಕೊಟ್ಟ ಕಾಲವೇ ಚಳಿಗೆ ತಕ್ಕ ಆಹಾರವನ್ನೂ ಕೊಟ್ಟಿದೆ. ರಾಗಿ ಕೊಯ್ದು ಬಣವೆ ಒಟ್ಟಿದ ಮೇಲೆ, ಅದೇ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ ಕಾಯಿ ತುಂಬಿ ನಿಲ್ಲುತ್ತದೆ. ಚಿತ್ರದುರ್ಗದ ಸಂತೆಗೆ ಈರುಳ್ಳಿಯ ಚೀಲಗಳು, ಹೊಸದುರ್ಗದ ತೋಟಗಳಿಂದ ತೆಂಗಿನಕಾಯಿ, ಹಿರಿಯೂರಿನ ಕಡೆಯಿಂದ ತರಕಾರಿ ಬರುತ್ತವೆ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಪೂರೈಸಿದ ವಾಣೀವಿಲಾಸ ಸಾಗರವು, 1933ರ ತರುವಾಯ 2022ರಲ್ಲಿ ಕೋಡಿ ಬಿದ್ದುದನ್ನು ನೋಡಿ ಸಂತೋಷಪಟ್ಟವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ನೀರಿದ್ದರೆ ತರಕಾರಿಗೆ ಕೊರತೆಯಿಲ್ಲವೆಂಬುದನ್ನು ಆ ಸೀಮೆಯ ಒಕ್ಕಲುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ತಿಂಗಳು ಚಳಿಗಾಲದ ಅಡಿಗೆಯನ್ನು ಕುರಿತೇ ಬರೆಯಬೇಕೆಂದು ನಾನು ಯೋಚಿಸುತ್ತಿದ್ದಾಗ, ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಿಂದ ಸೋದರಿಯೊಬ್ಬರ ಪತ್ರ ಬಂದಿತು. ಅದರ ಸಾರವಿಷ್ಟು: “ನಮ್ಮದು ಎಂಟು ಮಂದಿಯ ಮನೆ. ಭಾನುವಾರ ಒಂದು ಕೋಳಿ ತರುತ್ತಾರೆ. ಎಲ್ಲರಿಗೂ ಬಡಿಸಿ ನಾನು ಎಲೆ ಹಾಕಿಕೊಳ್ಳುವ ಹೊತ್ತಿಗೆ ಗಡಿಗೆಯಲ್ಲಿ ಸಾರು ಇರುತ್ತದೆ, ತುಂಡು ಇರುವುದಿಲ್ಲ. ಇದನ್ನು ದೂರೆಂದು ಬರೆಯುತ್ತಿಲ್ಲ. ಆದರೆ ಹೋದ ತಿಂಗಳು ಆಸ್ಪತ್ರೆಯಲ್ಲಿ ನನಗೆ ರಕ್ತ ಕಡಮೆಯಿದೆ ಎಂದರು. ಒಂದೇ ಕೋಳಿ ಎಂಟು ಎಲೆಗೂ ಬರುವಂತೆ ಅಡಿಗೆ ಮಾಡುವ ಉಪಾಯವಿದ್ದರೆ ತಿಳಿಸಬೇಕು, ಅಮ್ಮ.”

ಈ ಪತ್ರವನ್ನು ಎರಡು ಸಲ ಓದಿದೆನು. ಇದು ಒಬ್ಬರ ಮನೆಯ ಮಾತಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು, ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆಯೆಂದು ಲೆಕ್ಕ ಕೊಟ್ಟಿತು. ಅದಕ್ಕೆ ಕಾರಣಗಳು ಹಲವು. ಔಷಧವನ್ನು ಹೇಳತಕ್ಕವರು ವೈದ್ಯರೇ. ಆದರೆ ಅಡಿಗೆ ಮಾಡಿದವಳ ಎಲೆಯೇ ಬರಿದಾಗಿರುವುದು ಆ ಕಾರಣಗಳಲ್ಲೊಂದಾಗಿದ್ದರೆ, ಅದಕ್ಕೆ ಉಪಾಯವು ಅಡಿಗೆಮನೆಯಲ್ಲಿಯೇ ಇರಬೇಕಲ್ಲವೇ?

ಉಪಾಯವೆಂದರೆ ಕೋಳಿಯ ಸಂಗಡ ಅವರೆಕಾಳನ್ನೂ ಕಾಲದ ತರಕಾರಿಗಳನ್ನೂ ಒಂದೇ ಗಡಿಗೆಯಲ್ಲಿ ಬೇಯಿಸುವುದು. ಇದೇನೂ ಹೊಸದಲ್ಲ, ನಮ್ಮ ಹಿರಿಯರು ಬಲ್ಲ ಅಡಿಗೆಯೇ. ಒಣಗಿದ ಅವರೆಯ 100 ಗ್ರಾಂಗೆ ಸುಮಾರು 20 ಗ್ರಾಂ ಪ್ರೋಟೀನು ಇದೆ. ಹಸಿಯ ಕಾಳಿನಲ್ಲಿ ನೀರಿನ ಅಂಶವಿರುವುದರಿಂದ ಅಷ್ಟಿಲ್ಲದಿದ್ದರೂ, ಎಲೆಯನ್ನೂ ಹೊಟ್ಟೆಯನ್ನೂ ತುಂಬಿಸುವ ಶಕ್ತಿ ಅದಕ್ಕುಂಟು. ಇನ್ನೊಂದು ಗುಣವನ್ನು ಈಗಿನ ಆಹಾರಶಾಸ್ತ್ರಜ್ಞರು ಕಂಡಿದ್ದಾರೆ. ಕಾಳು, ಸೊಪ್ಪು, ರಾಗಿಗಳಲ್ಲಿರುವ ಕಬ್ಬಿಣದ ಅಂಶವು ತಾನಾಗಿ ದೇಹಕ್ಕೆ ಸೇರುವುದು ಸ್ವಲ್ಪವೇ. ಅದೇ ಊಟದಲ್ಲಿ ಒಂದಿಷ್ಟು ಮಾಂಸವಾಗಲಿ ನಿಂಬೆಹಣ್ಣಿನ ರಸವಾಗಲಿ ಇದ್ದರೆ ಹೆಚ್ಚಾಗಿ ಸೇರುತ್ತದೆ. ಆದಕಾರಣ ಮೂರು ತುಂಡು ಕೋಳಿಯು ತನ್ನ ಸತ್ತ್ವವನ್ನು ಕೊಡುವುದಲ್ಲದೆ, ಪಕ್ಕದಲ್ಲಿರುವ ಕಾಳಿನ ಸತ್ತ್ವವನ್ನೂ ನಮಗೆ ದೊರಕಿಸುತ್ತದೆ.

ಎಂಟು ಮಂದಿಗೆ ಬೇಕಾದ ಸಾಮಾನುಗಳು: ಶುಚಿಮಾಡಿದ ನಾಟಿ ಕೋಳಿ ಒಂದೂಕಾಲು ಕಿಲೋ, ಸುಲಿದ ಹಸಿ ಅವರೆಕಾಳು ಅರ್ಧ ಕಿಲೋ, ಆಲೂಗಡ್ಡೆ 3, ಗಜ್ಜರಿ 2, ಎಳೆಯ ನವಿಲುಕೋಸು 1, ಸಣ್ಣ ಗುಂಡು ಬದನೆಕಾಯಿ 6, ಟೊಮ್ಯಾಟೊ 2, ಮೆಂತ್ಯದ ಸೊಪ್ಪು ಒಂದು ಹಿಡಿ, ಈರುಳ್ಳಿ ದಪ್ಪನೆಯವು 3, ಬೆಳ್ಳುಳ್ಳಿ ಒಂದು ಗಡ್ಡೆ, ಶುಂಠಿ ಹೆಬ್ಬೆರಳಿನಷ್ಟು, ಒಣಮೆಣಸಿನಕಾಯಿ 10, ಧನಿಯ 4 ದೊಡ್ಡ ಚಮಚ, ಕರಿಮೆಣಸು ಮತ್ತು ಜೀರಿಗೆ ಒಂದೊಂದು ಸಣ್ಣ ಚಮಚ, ಚಕ್ಕೆ ಒಂದು ತುಂಡು, ಲವಂಗ 4, ಹುರಿಗಡಲೆ ಒಂದು ದೊಡ್ಡ ಚಮಚ, ಅರ್ಧ ಹೋಳು ತೆಂಗಿನಕಾಯಿಯ ತುರಿ, ಅರಿಸಿನ, ಉಪ್ಪು, ಕೊತ್ತಂಬರಿ ಸೊಪ್ಪು, ಕಡಲೆಕಾಯಿ ಎಣ್ಣೆ 3 ದೊಡ್ಡ ಚಮಚ.

ಮೊದಲು ಕೋಳಿಯ ಮಾತು. ನಾಟಿ ಕೋಳಿಯನ್ನು ಆರಿಸುವಾಗ ಎದೆಮೂಳೆಯ ತುದಿಯನ್ನು ಬೆರಳಿನಿಂದ ಒತ್ತಿ ನೋಡಬೇಕು. ಬಾಗಿದರೆ ಎಳೆಯದು, ಕಲ್ಲಿನಂತಿದ್ದರೆ ಬಲಿತದ್ದು. ಬಲಿತದ್ದನ್ನು ಬಿಡಬೇಕಾಗಿಲ್ಲ. ಸಾರಿನ ರುಚಿಗೆ ಅದೇ ಮೇಲು. ಬೇಯಿಸುವ ತಾಳ್ಮೆ ಮಾತ್ರ ಬೇಕು. ಹಸಿಮಾಂಸವನ್ನು ಧಾರೆಯಾಗಿ ಬೀಳುವ ನಲ್ಲಿಯ ಕೆಳಗೆ ತೊಳೆಯಬಾರದು. ಅದರಲ್ಲಿರಬಹುದಾದ ರೋಗಾಣುಗಳು ನೀರಿನ ಹನಿಗಳೊಡನೆ ಸುತ್ತಲಿನ ಪಾತ್ರೆಗಳಿಗೂ ಸೊಪ್ಪಿಗೂ ಸಿಡಿಯುತ್ತವೆ. ತೊಳೆಯಲೇಬೇಕಾದರೆ ಆಳವಾದ ಪಾತ್ರೆಯಲ್ಲಿ ನೀರು ತುಂಬಿ ಮೆಲ್ಲನೆ ತೊಳೆದು, ಆ ಪಾತ್ರೆಯನ್ನೂ ಕತ್ತಿಯನ್ನೂ ಕೈಗಳನ್ನೂ ಸಾಬೂನಿನಿಂದ ಉಜ್ಜಬೇಕು.

ತುಂಡುಗಳನ್ನು ಎಣಿಸಿ ಮಾಡತಕ್ಕದ್ದು. ಎರಡು ಕಾಲುಗಳಿಂದ 8, ಎದೆಯಿಂದ 8, ರೆಕ್ಕೆಗಳಿಂದ 4, ಬೆನ್ನಿನಿಂದ 4. ಹೀಗೆ 24 ತುಂಡುಗಳಾಗುತ್ತವೆ. ಎಂಟು ಎಲೆಗೆ ಮೂರರಂತೆ ಲೆಕ್ಕ ಸರಿಹೋಯಿತು. ಕೊರಳು, ಈಲಿ ಮೊದಲಾದವು ಇದರ ಹೊರಗೆ. ಈಲಿಯಲ್ಲಿ ಕಬ್ಬಿಣದ ಅಂಶವು ಮಾಂಸಕ್ಕಿಂತ ಎಷ್ಟೋ ಹೆಚ್ಚು; ಮನೆಯಲ್ಲಿ ರಕ್ತ ಕಡಮೆಯಿರುವವರ ಎಲೆಗೆ ಅದು ಹೋಗಲಿ. ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳಿದ ಮೇಲೆಯೇ ಅದನ್ನು ತಿನ್ನುವುದು ಲೇಸು.

ಒಂದು ಈರುಳ್ಳಿಯನ್ನು ಕೆಂಡದ ಮೇಲೋ ಗ್ಯಾಸಿನ ಉರಿಯ ಮೇಲೋ ಸುಟ್ಟು, ಕಪ್ಪಾದ ಸಿಪ್ಪೆಯನ್ನು ತೆಗೆಯಿರಿ. ಮೆಣಸಿನಕಾಯಿ, ಧನಿಯ, ಕರಿಮೆಣಸು, ಜೀರಿಗೆ, ಚಕ್ಕೆ, ಲವಂಗಗಳನ್ನು ಸಣ್ಣ ಉರಿಯಲ್ಲಿ ಹುರಿದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಶುಂಠಿಗಳೊಡನೆ ನುಣ್ಣಗೆ ಅರೆಯಿರಿ. ತೆಂಗಿನ ತುರಿಯನ್ನೂ ಹುರಿಗಡಲೆಯನ್ನೂ ಬೇರೆಯಾಗಿ ಅರೆದಿಡಿರಿ. ಈ ಎರಡನ್ನು ಬೆರೆಸಬಾರದು. ಮೊದಲನೆಯದು ಎಣ್ಣೆಯಲ್ಲಿ ಹುರಿದರೆ ಪಕ್ವವಾಗುವುದು. ಎರಡನೆಯದು ಬಹಳ ಹೊತ್ತು ಕುದಿದರೆ ತಳ ಹಿಡಿಯುವುದು, ಕಾಯಿಯ ಸಿಹಿಯೂ ಹೋಗುವುದು.

ದಪ್ಪತಳದ ಗಡಿಗೆಯಲ್ಲಿ ಎಣ್ಣೆ ಕಾಯಿಸಿ, ಹೆಚ್ಚಿದ ಎರಡು ಈರುಳ್ಳಿಯನ್ನು ಕೆಂಪಗೆ ಬಾಡಿಸಿರಿ. ಕೋಳಿಯ ತುಂಡುಗಳನ್ನು ಅರಿಸಿನ ಉಪ್ಪುಗಳೊಡನೆ ಹಾಕಿ ಮುಚ್ಚಿರಿ. ಹತ್ತು ನಿಮಿಷಗಳಲ್ಲಿ ಮಾಂಸವು ತನ್ನ ನೀರನ್ನು ತಾನೇ ಬಿಡುತ್ತದೆ. ಅದು ಇಂಗುತ್ತ ಬಂದಾಗ ಮೊದಲು ಅರೆದ ಮಸಾಲೆಯನ್ನು ಹಾಕಿ, ಎಣ್ಣೆ ಅಂಚಿಗೆ ಬಿಡುವವರೆಗೆ ಕೈಯಾಡಿಸಿರಿ. ಆಗ ಸುಮಾರು ಎರಡು ಲೀಟರು ಬಿಸಿನೀರು ಸುರಿದು, ಒಂದು ಕುದಿ ಬಂದೊಡನೆ ಉರಿಯನ್ನು ತಗ್ಗಿಸಿರಿ. ಇಲ್ಲಿಯೇ ಅನೇಕರು ತಪ್ಪುವುದು. ಬೇಗ ಬೇಯಲೆಂದು ಉರಿಯನ್ನು ಏರಿಸಿದರೆ ಮಾಂಸ ಬಿಗಿದುಕೊಂಡು ನಾರಾಗುತ್ತದೆ. ಸಣ್ಣ ಉರಿಯಲ್ಲಿ ಹೊತ್ತಾದ ಹಾಗೆಲ್ಲ ಕೀಲುಗಳ ಸುತ್ತಲಿನ ಗಟ್ಟಿಯಾದ ನಾರು ಕರಗಿ ಅಂಟಾಗಿ ಸಾರಿಗೆ ಸೇರುತ್ತದೆ. ನಾಟಿ ಕೋಳಿಯ ಸಾರು ಆರಿದ ಮೇಲೆ ಗಟ್ಟಿಯಾಗುವುದು ಇದರಿಂದಲೇ.

ಒಂದೇ ಗಡಿಗೆಯ ಅಡಿಗೆಯ ಮರ್ಮವೆಲ್ಲ ಯಾವುದನ್ನು ಯಾವಾಗ ಹಾಕಬೇಕೆಂಬುದರಲ್ಲಿದೆ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಮಾಂಸ ಬೇಯುವುದರೊಳಗೆ ಬದನೆ ಕರಗಿ ಹೋಗಿರುತ್ತದೆ. ಕೋಳಿ ಒಂದು ಗಂಟೆ ಬೆಂದ ಮೇಲೆ ಅವರೆಕಾಳನ್ನು ಹಾಕಿರಿ. ಐದು ನಿಮಿಷ ಬಿಟ್ಟು ಗಜ್ಜರಿ ನವಿಲುಕೋಸುಗಳು, ಮತ್ತೆ ಐದು ನಿಮಿಷಕ್ಕೆ ಆಲೂಗಡ್ಡೆ, ಅದಾದ ಐದು ನಿಮಿಷಕ್ಕೆ ನಾಲ್ಕು ಸೀಳಾದ ಬದನೆಕಾಯಿ. ಕಾಳು ಅಂಗೈಯಲ್ಲಿ ಒತ್ತಿದರೆ ಹಿಟ್ಟಾಗುವಂತಾದ ಮೇಲೆಯೇ ಟೊಮ್ಯಾಟೊವನ್ನೂ ಕಾಯಿಯ ಅರಪನ್ನೂ ಕೂಡಿಸಬೇಕು. ಹುಳಿಯು ಮೊದಲೇ ಬಿದ್ದರೆ ಕಾಳೂ ಗಡ್ಡೆಯೂ ಮೆತ್ತಗಾಗದೆ ನಿಲ್ಲುತ್ತವೆ. ಮತ್ತೆ ಹತ್ತು ನಿಮಿಷ ಕುದಿಸಿ, ಇಳಿಸುವ ಮೊದಲು ಮೆಂತ್ಯದ ಸೊಪ್ಪನ್ನೂ ಕೊತ್ತಂಬರಿಯನ್ನೂ ಹಾಕಿರಿ.

ಪ್ರೆಷರ್ ಕುಕ್ಕರ್ ಉಳ್ಳವರು ಮಸಾಲೆ ಹುರಿದ ಕೋಳಿಗೆ ನೀರು ಹಾಕಿ, ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ಆವಿ ಇಳಿದ ಮೇಲೆ ಮುಚ್ಚಳ ತೆಗೆದು, ಕಾಳು ತರಕಾರಿಗಳನ್ನು ತೆರೆದ ಪಾತ್ರೆಯಲ್ಲಿಯೇ ಕ್ರಮವಾಗಿ ಬೇಯಿಸಬಹುದು. ಫಾರಂ ಕೋಳಿಯಾದರೆ ಮಸಾಲೆಗೆ ನೀರು ಹಾಕಿದಾಗಲೇ ಅವರೆಯನ್ನೂ ಹಾಕಬೇಕು. ಅದು ಅರ್ಧ ಗಂಟೆಗಿಂತ ಹೆಚ್ಚು ಬೆಂದರೆ ಮೂಳೆಯನ್ನು ಬಿಟ್ಟು ಚೂರಾಗುತ್ತದೆ. ಯಾವ ಕೋಳಿಯೇ ಆಗಲಿ, ದಪ್ಪನೆಯ ತುಂಡನ್ನು ಮುರಿದು ನೋಡಿದರೆ ಮೂಳೆಯ ಬಳಿ ಹಸಿಮಾಂಸದ ಕೆಂಪು ಕಾಣಬಾರದು. ಉಷ್ಣಮಾಪಕವಿದ್ದವರಿಗೆ ತುಂಡಿನ ನಡುವೆ 74 ಡಿಗ್ರಿ ಸೆಲ್ಸಿಯಸ್ ತೋರಿದರೆ ಸಾಕು. ಉಳಿದ ಸಾರನ್ನು ರಾತ್ರಿಯೆಲ್ಲ ಒಲೆಯ ಮೇಲೆ ಬಿಡದೆ ಎರಡು ಗಂಟೆಯೊಳಗಾಗಿ ಶೀತಪೆಟ್ಟಿಗೆಯಲ್ಲಿಡಬೇಕು. ಮರುದಿನ ಚೆನ್ನಾಗಿ ಕುದಿಸಿಯೇ ಉಣ್ಣಬೇಕು.

ಮಾಂಸ ವರ್ಜ್ಯವಾದ ಮನೆಗಳು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿಯೂ ಬಹಳವಿವೆ. ಅವರು ಕೋಳಿಯ ಬದಲು ರಾತ್ರಿ ನೆನೆಸಿದ ಕಡಲೆಕಾಯಿ ಬೀಜವನ್ನು ಮೊದಲು ಬೇಯಿಸಿಕೊಂಡು, ಅವರೆಯನ್ನು ಇಮ್ಮಡಿ ಮಾಡಿ, ಇದೇ ಕ್ರಮದಲ್ಲಿ ನಡೆಯಲಿ. ಬಡಿಸುವಾಗ ನಿಂಬೆಯ ರಸವನ್ನು ಮರೆಯದಿರಲಿ.

ಇದರ ಜೊತೆಗೆ ರಾಗಿಯ ಮುದ್ದೆ ಇರಲೇಬೇಕು. ರಾಗಿಯ ಹಿರಿಮೆಯನ್ನು ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಎಂದೋ ಸಾರಿದ್ದಾರೆ, ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣದವರೂ ಅದನ್ನು ಹುಡುಕಿಕೊಂಡು ಬಂದರು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶವಿದೆ. ಊಟವಾದ ಕೂಡಲೆ ಕಾಫಿ ಟೀ ಕುಡಿಯುವ ಅಭ್ಯಾಸವನ್ನು ಮಾತ್ರ ಒಂದು ಗಂಟೆ ಮುಂದಕ್ಕೆ ಹಾಕಬೇಕು. ಅವು ಕಬ್ಬಿಣದ ಅಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ.

ಇನ್ನು ಪತ್ರ ಬರೆದ ಸೋದರಿಗೆ ಒಂದು ಮಾತು. ಅಡಿಗೆಯನ್ನು ಎಷ್ಟೇ ಹಿಗ್ಗಿಸಿದರೂ ಬಡಿಸುವ ಕ್ರಮ ಬದಲಾಗದಿದ್ದರೆ ತಮ್ಮ ಎಲೆ ತುಂಬದು. “ಇನ್ನೊಂದು ತುಂಡು” ಎಂದು ಮಗು ಕೇಳಿದಾಗ ತಾಯಿಯ ಕೈ ತಡೆಯಲಾರದು. ತನ್ನ ಪಾಲನ್ನೇ ಎತ್ತಿ ಹಾಕುವುದು. ಇದು ಪ್ರೀತಿಯೇ ಹೊರತು ತಪ್ಪಲ್ಲ. ಆದರೆ ರಕ್ತವಿಲ್ಲದ ತಾಯಿ ಆ ಮಗುವನ್ನು ಎಷ್ಟು ದಿನ ಎತ್ತಿಯಾಳು? ಆದ್ದರಿಂದ ಗಡಿಗೆಯನ್ನು ಇಳಿಸಿದೊಡನೆ, ಒಬ್ಬರಿಗೂ ಬಡಿಸುವುದಕ್ಕೆ ಮುಂಚೆ, ಮೂರು ತುಂಡುಗಳನ್ನೂ ಈಲಿಯನ್ನೂ ಎರಡು ಸೌಟು ಕಾಳನ್ನೂ ಒಂದು ಬಟ್ಟಲಿಗೆ ತೆಗೆದು ಮುಚ್ಚಿಡಿರಿ. ಕದ್ದಿಡಬೇಡಿರಿ, ಅತ್ತೆಯವರ ಎದುರಿಗೇ, “ಆಸ್ಪತ್ರೆಯಲ್ಲಿ ಹೀಗೆ ಹೇಳಿದ್ದಾರೆ, ಅತ್ತೆ” ಎಂದು ತಿಳಿಸಿಯೇ ತೆಗೆದಿಡಿರಿ. ಕಡೆಯಲ್ಲಿ ಉಂಡು ಬಾಳಿದ ಆ ಹಿರಿಯರಿಗೆ ಈ ಸಂಕಟ ತಿಳಿಯದ್ದೇನಲ್ಲ. ನಾಳೆ ಅವರೇ ಮುಂದಾಗಿ ಆ ಬಟ್ಟಲನ್ನು ತುಂಬಿದರೂ ಆಶ್ಚರ್ಯವಿಲ್ಲ.

ಈ ಪತ್ರಿಕೆಯನ್ನು ಓದುವ ಗೃಹಸ್ಥರಿಗೂ ನನ್ನದೊಂದು ಬಿನ್ನಹ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದಲ್ಲಿಯೇ ಮಾಂಸದ ಅಡಿಗೆಗಳನ್ನು ವಿಸ್ತಾರವಾಗಿ ವರ್ಣಿಸಿದೆ. ಆದರೆ ಅದು ಅರಮನೆಯ ಪಂಕ್ತಿಯ ಮಾತು. ನಮ್ಮ ನಿಮ್ಮ ಮನೆಗಳಲ್ಲಿ ಗಡಿಗೆಯೊಂದು, ಒಲೆಯೊಂದು, ಅಡಿಗೆಯವಳೂ ಒಬ್ಬಳೇ. ಭಾನುವಾರ ಕೋಳಿಯನ್ನು ತರುವವರು ತುಂಡಿನ ಲೆಕ್ಕವನ್ನೂ ತಿಳಿದಿರಬೇಕು. ಮೂರು ತುಂಡು ಮುಗಿದ ಮೇಲೆ ನಾಲ್ಕನೆಯದಕ್ಕೆ ಕೈಯೊಡ್ಡುವ ಮೊದಲು, ಇನ್ನೂ ಹಾಸದಿರುವ ಎಂಟನೆಯ ಎಲೆಯೊಂದಿದೆಯೆಂಬ ನೆನಪಿದ್ದರೆ ಸಾಕು. ಒಂದು ದಿನವಾದರೂ ಆ ಎಲೆಯನ್ನು ಎಲ್ಲರ ಸಂಗಡವೇ ಹಾಸಿ, ಗಡಿಗೆಯನ್ನು ನಡುವೆ ಇಟ್ಟುಕೊಂಡು ಉಂಡು ನೋಡಿರಿ. ಚಳಿಗಾಲದ ಊಟಕ್ಕೆ ಅದಕ್ಕಿಂತ ಹೆಚ್ಚಿನ ಬಿಸಿ ಬೇಡ.

ಸೋದರಿಯು ಮತ್ತೆ ಪತ್ರ ಬರೆಯಲಿ. ಸಾರು ಹೇಗಾಯಿತೆಂಬುದನ್ನು ಆಮೇಲೆ ತಿಳಿಸಿದರೂ ಆದೀತು. ತಮ್ಮ ಎಲೆಗೆ ಎಷ್ಟು ತುಂಡು ಬಿದ್ದವೆಂಬುದನ್ನು ಮೊದಲು ಬರೆಯಲಿ.