ಕೊರಳ ಮಾಲೆ, ಕೈಯ ಮಾಲೆ

ಆಷಾಢ ಇಲ್ಲವೆ ಕಾರ್ತಿಕ ಏಕಾದಶಿಗೆ ಪಂಢರಪುರಕ್ಕೆ ಹೋಗಿಬಂದ ಕುಟುಂಬವು ಬರಿಗೈಯಲ್ಲಿ ಮರಳುವುದು ವಿರಳ. ಚುರಮುರಿ, ಕುಂಕುಮ, ಬುಕ್ಕಾ ಇವುಗಳ ಗಂಟಿನೊಡನೆ ಒಂದು ತುಳಸಿಮಾಲೆಯೂ ಮನೆ ಸೇರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಗೆ ಹೋದವರು ರುದ್ರಾಕ್ಷಿಯ ಸರವನ್ನೋ, ಅಕ್ಕಲಕೋಟೆಗೆ ಹೋದವರು ಸ್ಫಟಿಕದ ಸರವನ್ನೋ ಕೊಂಡು ತರುತ್ತಾರೆ. ಹೀಗೆ ಬಂದ ಮಾಲೆಗಳು ಅನೇಕ ಮನೆಗಳಲ್ಲಿ ದೇವರ ಜಗುಲಿಯ ಮೊಳೆಗೆ ತೂಗಿ, ಧೂಳು ಹಿಡಿದು, ಕೊನೆಗೆ ದಾರ ಕಡಿದು ಡಬ್ಬಿ ಸೇರುವುದನ್ನು ನಾವು ಕಂಡಿದ್ದೇವೆ. ಕೊಳ್ಳುವಾಗ ಇದ್ದ ಉತ್ಸಾಹವು ಬಳಸುವಾಗ ಏಕೆ ಇಲ್ಲವಾಯಿತೆಂದರೆ, ಯಾವ ಮಾಲೆ, ಯಾವ ನಾಮಕ್ಕೆ, ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಅಂಗಡಿಯ ಮುಂದೆ ನಿಂತಾಗ ಯಾರೂ ಕೇಳಿಕೊಂಡಿರುವುದಿಲ್ಲ.

ಮೊದಲು ಅರಿಯಬೇಕಾದುದು ಧಾರಣೆಯ ಮಾಲೆ ಬೇರೆ, ಜಪದ ಮಾಲೆ ಬೇರೆ ಎಂಬುದು. ಕೊರಳಲ್ಲಿ ಧರಿಸಿದುದನ್ನೇ ತೆಗೆದು ಜಪಕ್ಕೆ ಹಿಡಿಯಬಾರದೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಕೊರಳ ಮಾಲೆ ಬೆವರು, ನೀರು, ಊಟ, ನಿದ್ರೆ ಎಲ್ಲವನ್ನೂ ಕಾಣುತ್ತದೆ. ಅದು ಧರಿಸಿದವನ ವ್ರತದ ಗುರುತು. ಕೈಯ ಮಾಲೆಯಾದರೋ ಎಣಿಕೆಯ ಸಾಧನ. ಜಪದ ವೇಳೆಗೆ ಹೊರಬಂದು, ಮುಗಿದೊಡನೆ ಚೀಲ ಸೇರತಕ್ಕದ್ದು.

ಪಂಢರಪುರದ ತುಳಸಿಮಾಲೆಯ ವಿಷಯದಲ್ಲಿ ಈ ಭೇದವನ್ನು ಮರೆತರೆ ತೊಂದರೆಯುಂಟು. ವಾರಕರಿ ಸಂಪ್ರದಾಯದಲ್ಲಿ ಮಾಲೆ ಹಾಕಿಕೊಂಡವನನ್ನು 'ಮಾಳಕರಿ' ಎನ್ನುತ್ತಾರೆ. ಮಾಂಸ ಮದ್ಯಗಳನ್ನು ಬಿಡುವುದು, ಏಕಾದಶಿಯ ಉಪವಾಸ, ಪಂಢರಿಯ ವಾರಿ, ಇವೆಲ್ಲ ಅದರೊಡನೆ ಬರುತ್ತವೆ. ಗೆಳೆಯರು ಹಾಕಿಕೊಂಡರೆಂದು ತಾನೂ ಹಾಕಿಕೊಳ್ಳಲು ಹೊರಟ ಹುಡುಗನಿಗೆ ಹಿರಿಯರೊಬ್ಬರು, "ಕೊರಳಿಗೆ ಮಾಳ ಬಿತ್ತಂದ್ರ ನಾಲಿಗಿಗೆ ಕಟ್ಟು ಬಿತ್ತು ತಮ್ಮಾ, ತಿಳದು ಹಾಕ್ಕೋ" ಎಂದುದನ್ನು ನಾವು ಕೇಳಿದ್ದೇವೆ. ಹುಡುಗನು ಆ ವರ್ಷ ಹಾಕಿಕೊಳ್ಳಲಿಲ್ಲ. ಅದರಲ್ಲಿ ಕೊರತೆಯೇನೂ ಇಲ್ಲ. ವ್ರತ ಬೇಡ, ನಾಮಸ್ಮರಣೆ ಮಾತ್ರ ಸಾಕೆನ್ನುವವರು ಅದೇ ತುಳಸಿಯ 108 ಮಣಿಗಳ ಜಪಮಾಲೆಯನ್ನು ಕೊಂಡು ಕೈಯಲ್ಲಿ ಹಿಡಿಯಬಹುದು.

ಇನ್ನು ಯಾವ ಮಾಲೆ ಎಂಬ ಪ್ರಶ್ನೆ. ಮಣಿಯನ್ನು ನಿರ್ಧರಿಸುವುದು ನಾಮ. ವಿಷ್ಣುನಾಮಕ್ಕೆ ತುಳಸಿ, ಶಿವನಾಮಕ್ಕೆ ರುದ್ರಾಕ್ಷಿ, ಲಕ್ಷ್ಮಿಗೆ ತಾವರೆಬೀಜದ ಕಮಲಾಕ್ಷಿ ಎಂಬುದು ಸಾಮಾನ್ಯ ವಾಡಿಕೆ. ಗುರುಗಳಿಂದ ಉಪದೇಶವಾಗಿದ್ದರೆ ಅವರು ಹೇಳಿದ ಮಣಿಯೇ ಪ್ರಮಾಣ. ಅಲ್ಲಿಗೆ ನಮ್ಮ ಸಲಹೆಯ ಅಗತ್ಯವಿಲ್ಲ. ಉಪದೇಶವಿಲ್ಲದವರು ಮನೆಯ ಹಿರಿಯರು ಯಾವ ನಾಮವನ್ನು ನುಡಿಯುತ್ತಿದ್ದರೆಂಬುದನ್ನು ನೆನೆದುಕೊಂಡರೆ ಸಾಕು.

ನಮ್ಮ ಭಾಗದ ಮನೆಗಳಲ್ಲಿ ಇಲ್ಲೊಂದು ತೊಡಕು ಹುಟ್ಟುವುದುಂಟು. ಇಲ್ಲಿ ಲಿಂಗಪೂಜೆಯ ಮನೆಯವರೂ ಪಂಢರಿಯ ಹಾದಿ ಹಿಡಿಯುತ್ತಾರೆ. ವಿಠ್ಠಲನ ಮನೆಯವರೂ ಸಿದ್ಧರಾಮನ ಕೆರೆಗೆ ಬಂದು ಕೈಮುಗಿಯುತ್ತಾರೆ. ತವರಿನಲ್ಲಿ ತುಳಸಿಮಾಲೆ ಹಿಡಿದು 'ರಾಮಕೃಷ್ಣಹರಿ' ಎನ್ನುತ್ತಾ ಬೆಳೆದ ಮಗಳು ರುದ್ರಾಕ್ಷಿ ಮತ್ತು ಪಂಚಾಕ್ಷರಿಯ ಮನೆಗೆ ಸೊಸೆಯಾಗಿ ಬರುತ್ತಾಳೆ. ಅಷ್ಟಾವರಣಗಳಲ್ಲಿ ರುದ್ರಾಕ್ಷಿಯೂ ಒಂದೆಂದು ನಂಬಿದ ಅತ್ತೆಗೆ ಜಗುಲಿಯ ಮೇಲಿನ ತುಳಸಿಸರ ಕಣ್ಣಿಗೆ ಚುಚ್ಚಿದರೆ ಆಶ್ಚರ್ಯವಿಲ್ಲ. ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ: ಮನೆಯ ಪೂಜೆಯು ಮನೆಯ ಪದ್ಧತಿಯಂತೆ ನಡೆಯಲಿ, ಸೊಸೆಯೂ ಅದರಲ್ಲಿ ಮನಸ್ಸಿಟ್ಟು ಪಾಲ್ಗೊಳ್ಳಲಿ, ಆದರೆ ಜಪವು ಒಬ್ಬೊಬ್ಬರ ಒಳಗಿನ ಸಂಗತಿ. ಹತ್ತು ಹದಿನೈದು ವರ್ಷ ನಾಲಿಗೆಯ ಮೇಲೆ ನೆಲೆಸಿದ ನಾಮವನ್ನು ಬಿಡು ಎನ್ನುವ ಅಧಿಕಾರ ಅತ್ತೆಗೂ ಇಲ್ಲ, ಗಂಡನಿಗೂ ಇಲ್ಲ. ಅವಳ ಮಾಲೆ ಅವಳ ಚೀಲದಲ್ಲಿರಲಿ. ಇಷ್ಟನ್ನು ಮೊದಲ ವರ್ಷದಲ್ಲೇ ತಿಳಿಯಾಗಿ ಮಾತಾಡಿಕೊಂಡ ಮನೆಗಳಲ್ಲಿ ಮುಂದೆ ಮೊಮ್ಮಕ್ಕಳು ಎರಡೂ ನಾಮಗಳನ್ನು ಕಲಿತುದನ್ನು ನಾವು ಬಲ್ಲೆವು.

ರುದ್ರಾಕ್ಷಿಯ ಮಾತು ಸ್ವಲ್ಪ ವಿಸ್ತಾರವಾಗಿಯೇ ಹೇಳತಕ್ಕದ್ದು. ಏಕೆಂದರೆ ಹೆಚ್ಚಿನ ಮೋಸ ನಡೆಯುವುದು ಇಲ್ಲಿಯೇ. ರುದ್ರಾಕ್ಷಿಯು ಒಂದು ಮರದ ಹಣ್ಣಿನ ಓಟೆ. ನೀಲಿಯ ಸಿಪ್ಪೆಯನ್ನೂ ತಿರುಳನ್ನೂ ತೆಗೆದ ಮೇಲೆ ಒಳಗಿನ ಗಟ್ಟಿಯಾದ, ಉಬ್ಬುತಗ್ಗಿನ ಓಟೆ ದೊರೆಯುತ್ತದೆ. ನೇಪಾಳದಿಂದ ದಪ್ಪ ಮಣಿಗಳೂ, ಇಂಡೋನೇಷ್ಯದ ಜಾವಾ ಮೊದಲಾದ ಕಡೆಗಳಿಂದ ಸಣ್ಣ ಮಣಿಗಳೂ ಬರುತ್ತವೆ. ಮೇಲಿನಿಂದ ಕೆಳತುದಿಯವರೆಗೆ ಹರಿಯುವ ಗೆರೆಗಳ ಸಂಖ್ಯೆಯೇ 'ಮುಖ'. ಒಳಗಿನ ಬೀಜದ ಗೂಡುಗಳು ಸಹ ಸಾಮಾನ್ಯವಾಗಿ ಅಷ್ಟೇ ಇರುತ್ತವೆ. ಮರವು ಧಾರಾಳವಾಗಿ ಕೊಡುವುದು ಐದು ಮುಖದ ಮಣಿಯನ್ನು. ಆದುದರಿಂದ ಅದು ಅಗ್ಗ, ಮತ್ತು ಜಪಕ್ಕೆ ಅದೇ ಯೋಗ್ಯ. ಪ್ರಕೃತಿಯು ಎಲ್ಲರಿಗೂ ಎಟಕುವಂತೆ ಕೊಟ್ಟುದನ್ನು ಬಿಟ್ಟು ಏಕಮುಖಿಯನ್ನು ಅರಸುತ್ತಾ ಹೋಗುವುದರಿಂದಲೇ ಅನರ್ಥ ಆರಂಭವಾಗುತ್ತದೆ.

ದುಂಡನೆಯ ಏಕಮುಖಿಯು ಅತ್ಯಂತ ವಿರಳ. ಆದರೂ ಜಾತ್ರೆಯ ಅಂಗಡಿಯಲ್ಲಿ, ಈಗೀಗ ಕೈಯ ಮೊಬೈಲಿನಲ್ಲಿ ಸಹ, ಅದು ಬೇಕೆಂದಷ್ಟು ದೊರೆಯುತ್ತದೆ! ಐದು ಮುಖದ ಮಣಿಗೆ ಉಳಿಯಿಂದ ಹೆಚ್ಚಿನ ಗೆರೆ ಕೊರೆಯುವುದು, ಇದ್ದ ಗೆರೆಯನ್ನು ತುಂಬಿ ಮರೆಮಾಡುವುದು, ಎರಡು ಮಣಿಗಳನ್ನು ಅಂಟಿಸಿ ಗೌರೀಶಂಕರವೆನ್ನುವುದು, ಅಡಿಕೆಯನ್ನೋ ಮರವನ್ನೋ ಕೆತ್ತುವುದು, ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹೊಯ್ಯುವುದು, ಇವೆಲ್ಲ ಈ ವ್ಯಾಪಾರದ ಹಳೆಯ ವಿದ್ಯೆಗಳು. ನೀರಿನಲ್ಲಿ ಮುಳುಗಿದರೆ ನಿಜ, ತೇಲಿದರೆ ಸುಳ್ಳು ಎಂಬ ಪರೀಕ್ಷೆಯನ್ನು ಹಲವರು ನಂಬಿದ್ದಾರೆ. ಅದು ನೆಚ್ಚತಕ್ಕುದಲ್ಲ. ಚೆನ್ನಾಗಿ ಒಣಗಿದ ನಿಜವಾದ ಮಣಿ ತೇಲಬಹುದು. ಒಳಗೆ ಸೀಸವಿಟ್ಟ ಸುಳ್ಳುಮಣಿ ಮುಳುಗಬಹುದು. ಎರಡು ತಾಮ್ರದ ನಾಣ್ಯಗಳ ನಡುವೆ ಮಣಿ ತಿರುಗುವುದೆಂಬ ಪರೀಕ್ಷೆಯೂ ಕಣ್ಕಟ್ಟು. ಉಬ್ಬುತಗ್ಗಿನ ಯಾವ ವಸ್ತುವಾದರೂ ಹಾಗೆ ಒತ್ತಿದಾಗ ಹೊರಳುತ್ತದೆ. ಇದಕ್ಕಿಂತ ಭೂತಗನ್ನಡಿಯಲ್ಲಿ ಹತ್ತು ಮಣಿಗಳನ್ನು ಸಾಲಾಗಿ ನೋಡುವುದು ಲೇಸು. ಎಲ್ಲದರ ಉಬ್ಬುತಗ್ಗೂ ಒಂದೇ ತೆರನಾಗಿದ್ದರೆ ಅದು ಅಚ್ಚಿನ ಮಾಲು. ಮರದಲ್ಲಿ ಬೆಳೆದ ಎರಡು ಮಣಿಗಳು ಒಂದೇ ಸಮನಾಗಿರುವುದಿಲ್ಲ. ಅಂಟಿಸಿದ್ದೆಂಬ ಅನುಮಾನವಿದ್ದರೆ ಬಿಸಿನೀರು ಬಹುಮಟ್ಟಿಗೆ ಸತ್ಯವನ್ನು ಹೊರಗೆಡಹುತ್ತದೆ.

ಹಣ ಹೋದರೆ ಮತ್ತೆ ದುಡಿಯಬಹುದು. ಹಣಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಮಾರುವಾತನು ಬಿತ್ತುವ ಭಯ. ಮಗಳ ಮದುವೆ ತಡವಾಗಿದೆ, ಮಗನಿಗೆ ಕೆಲಸವಿಲ್ಲ, ಯಜಮಾನರ ಆರೋಗ್ಯ ಸರಿಯಿಲ್ಲ ಎಂಬುದನ್ನು ಎದುರಿಗಿದ್ದವಳ ಬಾಯಿಂದಲೇ ಹೊರಡಿಸಿ, "ನಿಮ್ಮ ಮನೆಗೆ ದೋಷವಿದೆ ತಾಯಿ, ಈ ಮುಖದ ರುದ್ರಾಕ್ಷಿಯಿಂದಲೇ ಪರಿಹಾರ" ಎಂದು ಸಾವಿರಗಟ್ಟಲೆ ಬೆಲೆ ಹೇಳುವವರಿದ್ದಾರೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ತಾಯಿಯೊಬ್ಬರು ಹೀಗೆ ಕೊಂಡುದನ್ನು ಗಂಡಮಕ್ಕಳಿಂದ ಮರೆಮಾಚಲು ಅಕ್ಕಿಯ ಡಬ್ಬಿಯಲ್ಲಿಟ್ಟಿದ್ದರು. ಧರಿಸುವುದಕ್ಕೂ ಅಂಜಿಕೆ, ಎಸೆಯುವುದಕ್ಕೂ ಅಂಜಿಕೆ! ದೇವರ ನಾಮವು ಅಂಜಿಕೆಯನ್ನು ಕಳೆಯಬೇಕಾದುದು. ಅಂಜಿಕೆಯನ್ನು ತೋರಿಸಿ ಮಣಿ ಮಾರುವ ಅಂಗಡಿಯ ಮೆಟ್ಟಿಲನ್ನು ಕೂಡಲೇ ಇಳಿದುಬಿಡಿರಿ. ರಕ್ತದೊತ್ತಡಕ್ಕೆ ರುದ್ರಾಕ್ಷಿಯೆಂದು ಹೇಳಿ ವೈದ್ಯರು ಕೊಟ್ಟ ಗುಳಿಗೆಯನ್ನು ಬಿಡಿಸುವವರ ಮಾತನ್ನಂತೂ ಕಿವಿಗೆ ಹಾಕಿಕೊಳ್ಳಲೇಬಾರದು.

ಗಾತ್ರದ ವಿಷಯದಲ್ಲಿ ಶಾಸ್ತ್ರದಲ್ಲಿಯೇ ಎರಡು ಮಾತುಗಳಿವೆ. ರುದ್ರಾಕ್ಷಜಾಬಾಲೋಪನಿಷತ್ತು ನೆಲ್ಲಿಕಾಯಿಯಷ್ಟು ದಪ್ಪದ್ದನ್ನು ಉತ್ತಮವೆಂದೂ, ಬೋರೆಹಣ್ಣಿನಷ್ಟಿರುವುದನ್ನು ಮಧ್ಯಮವೆಂದೂ, ಕಡಲೆಯಷ್ಟಿರುವುದನ್ನು ಅಧಮವೆಂದೂ ಹೇಳುತ್ತದೆ. ಶಿವಪುರಾಣದಲ್ಲಿ ಇದರೊಡನೆ, ಕಿರಿದಾದಷ್ಟೂ ಫಲ ಹೆಚ್ಚೆಂಬ ಮಾತೂ ಇದೆ. ನಾವು ಕೈಯ ಲೆಕ್ಕವನ್ನು ನೋಡುತ್ತೇವೆ. 20 ಮಿಲಿಮೀಟರಿನ 108 ಮಣಿಗಳನ್ನು ಪೋಣಿಸಿದರೆ ಸರವು 2 ಮೀಟರನ್ನೂ ದಾಟುತ್ತದೆ. ಕುಳಿತವರ ಮೊಣಕಾಲಿಗೆ ತೊಡರುತ್ತದೆ, ಮುದುಕರ ಮಣಿಕಟ್ಟು ನೋಯುತ್ತದೆ. 7-8 ಮಿಲಿಮೀಟರಿನ ಮಣಿಗಳಾದರೆ ಗಂಟುಗಳೂ ಸೇರಿ ಒಂದು ಮೀಟರಿನ ಆಸುಪಾಸಿನಲ್ಲಿ ಮುಗಿದು ಚೀಲದೊಳಗೆ ಸಲೀಸಾಗಿ ತಿರುಗುತ್ತದೆ. ಬೆರಳುಗಳು ಸಂಧಿವಾತದಿಂದ ಬಿಗಿದಿರುವ ವೃದ್ಧರಿಗೆ ಮಾತ್ರ ಕೊಂಚ ದಪ್ಪನೆಯ ಮಣಿಗಳ 27ರ ಇಲ್ಲವೆ 54ರ ಮಾಲೆ ಅನುಕೂಲ. 27ರದ್ದನ್ನು ನಾಲ್ಕು ಸಲ, 54ರದ್ದನ್ನು ಎರಡು ಸಲ ತಿರುಗಿಸಿದರೆ ಲೆಕ್ಕ ಸರಿಹೋಯಿತು.

ಉಳಿದ ಮಣಿಗಳ ಮಾತು ಬೇಗ ಮುಗಿಯುತ್ತದೆ. ತುಳಸಿಯ ಕಾಂಡ ತೆಳು. ಆದುದರಿಂದ ಅಪ್ಪಟ ತುಳಸಿಯ ಮಣಿ ಹಗುರಾಗಿಯೂ ಸಣ್ಣದಾಗಿಯೂ ಇರುತ್ತದೆ. ಗೋಲಿಯಷ್ಟು ದಪ್ಪನೆಯ 'ತುಳಸಿ'ಯನ್ನು ಕಂಡರೆ ಬೇರೆ ಮರವೆಂದು ಅನುಮಾನಿಸಬಹುದು. ಸ್ಫಟಿಕವು ಮುಟ್ಟಿದರೆ ತಣ್ಣಗಿದ್ದು ಅಂಗೈಯಲ್ಲಿ ನಿಧಾನವಾಗಿ ಬಿಸಿಯಾಗುತ್ತದೆ. ಗಾಜಿನೊಳಗೆ ಸಣ್ಣ ದುಂಡು ಗುಳ್ಳೆಗಳು ಕಾಣುವುದುಂಟು. ಶ್ರೀಗಂಧದ್ದೆಂದು ಮಾರುವ ಅಗ್ಗದ ಮಾಲೆಗಳು ಸಾಮಾನ್ಯವಾಗಿ ಅತ್ತರು ಸವರಿದ ಬೇರೆ ಮರದವು; ವಾಸನೆ ಹೋದ ಮೇಲೂ ಜಪಕ್ಕೆ ಅಡ್ಡಿಯಿಲ್ಲವೆಂದರೆ ಕೊಳ್ಳಿರಿ, ಶ್ರೀಗಂಧದ ಬೆಲೆಯನ್ನು ಮಾತ್ರ ಕೊಡಬೇಡಿರಿ.

108 ಏಕೆಂದು ಮಕ್ಕಳು ಕೇಳುತ್ತಾರೆ. 27 ನಕ್ಷತ್ರಗಳಿಗೆ ನಾಲ್ಕು ನಾಲ್ಕು ಪಾದಗಳೆಂದು ಕೆಲವರು, 12 ರಾಶಿಗಳಿಗೆ 9 ಗ್ರಹಗಳೆಂದು ಕೆಲವರು ಲೆಕ್ಕ ಕೊಡುತ್ತಾರೆ. ನೂರು ಜಪಕ್ಕೆ, ಮೇಲಿನ ಎಂಟು ನಡುವೆ ಮನಸ್ಸು ತಪ್ಪಿದ್ದಕ್ಕೆ ಎಂಬ ವಿವರಣೆಯೂ ಇದೆ. ನಮಗೆ ಇದೇ ಹೆಚ್ಚು ಪ್ರಿಯ. ಇವುಗಳ ಮೇಲಿರುವ ದೊಡ್ಡ ಮಣಿ ಮೇರು; ಅದು ಲೆಕ್ಕಕ್ಕಿಲ್ಲ.

ಬಳಸುವ ಕ್ರಮವು ಸರಳ. ಮಾಲೆಯನ್ನು ಬಲಗೈಯ ನಡುಬೆರಳಿನ ಮೇಲೆ ಇಳಿಬಿಟ್ಟು, ಒಂದು ನಾಮಕ್ಕೆ ಒಂದು ಮಣಿಯಂತೆ ಹೆಬ್ಬೆರಳಿನಿಂದ ತಮ್ಮ ಕಡೆಗೆ ಎಳೆದುಕೊಳ್ಳಬೇಕು. ತೋರುಬೆರಳು ತಾಗಬಾರದು. ಮೇರು ಬಂದಾಗ ದಾಟದೆ, ಮಾಲೆಯನ್ನು ತಿರುಗಿಸಿ ಬಂದ ದಾರಿಯಲ್ಲೇ ಮರಳಬೇಕು. ಗೋಮುಖಿ ಚೀಲದೊಳಗೆ ಕೈಯಿಟ್ಟರೆ ಮಾಲೆ ನೆಲಕ್ಕೆ ತಾಗದು. ನೋಡುವವರಿಗೆ ಎಣಿಕೆಯೂ ತಿಳಿಯದು. ಗಟ್ಟಿಯಾಗಿ ನುಡಿಯುವ ವಾಚಿಕಕ್ಕಿಂತ ತುಟಿ ಮಾತ್ರ ಅಲುಗುವ ಉಪಾಂಶುವೂ, ಅದಕ್ಕಿಂತ ಮಾನಸವೂ ಮೇಲೆಂದು ಮನುಸ್ಮೃತಿಯು ಹೇಳುತ್ತದೆ. ಹೊಸಬರು ಉಪಾಂಶುವಿನಿಂದ ಆರಂಭಿಸುವುದು ಒಳ್ಳೆಯದು. ಮಾನಸವೆಂದು ಕಣ್ಣು ಮುಚ್ಚಿದವರಿಗೆ ಹತ್ತನೆಯ ಮಣಿಗೇ ತೂಕಡಿಕೆ ಬರುತ್ತದೆ.

"ಮನೆಗೆಲಸದಲ್ಲಿ ವೇಳೆಯೆಲ್ಲಿ?" ಎನ್ನುವ ಸಹೋದರಿಯರು ಈ ಲೆಕ್ಕವನ್ನು ನೋಡಬೇಕು. ಚಿಕ್ಕ ನಾಮಕ್ಕೆ 3 ಸೆಕೆಂಡು ಹಿಡಿದರೂ ಒಂದು ಮಾಲೆ 5 ನಿಮಿಷ 24 ಸೆಕೆಂಡಿನಲ್ಲಿ ಮುಗಿಯುತ್ತದೆ. ಹಿಟ್ಟು ನಾದಿ ನೆನೆಯಲು ಬಿಟ್ಟ ವೇಳೆಯೇ ಸಾಕು. ಮಾಲೆ ಹತ್ತಿರವಿಲ್ಲದೆ ಬಸ್ಸಿನಲ್ಲಿದ್ದರೆ ಕರಮಾಲೆ ಇದ್ದೇ ಇದೆ. ಉಂಗುರಬೆರಳಿನ ನಡುಗೆಣ್ಣಿನಿಂದ ಹೊರಟು ಅದರ ಬುಡ, ಕಿರುಬೆರಳಿನ ಬುಡ, ನಡು, ತುದಿ, ಬಳಿಕ ಉಂಗುರಬೆರಳಿನ ತುದಿ, ನಡುಬೆರಳಿನ ತುದಿ, ತೋರುಬೆರಳಿನ ತುದಿ, ನಡು, ಬುಡ, ಹೀಗೆ ಹೆಬ್ಬೆರಳು ಸರಿದರೆ ಹತ್ತು. ನಡುಬೆರಳಿನ ಉಳಿದ ಎರಡು ಗೆಣ್ಣುಗಳೇ ಇಲ್ಲಿ ಮೇರು. ಬೆರಳಿಗೆ ತೊಡುವ ಎಣಿಕೆಯ ಗುಂಡಿಯೊಂದು ಈಗ ಅಂಗಡಿಗಳಲ್ಲಿ ಬಂದಿದೆ. ಅದನ್ನು ನಿಂದಿಸುವ ಗೋಜಿಗೆ ನಾವು ಹೋಗುವುದಿಲ್ಲ. ಆದರೆ ಹುಟ್ಟಿನಿಂದ ಜೊತೆಗಿರುವ ಹತ್ತು ಗೆಣ್ಣುಗಳಿಗೆ ಸೆಲ್ಲು ಹಾಕಬೇಕಾಗಿಲ್ಲ.

ಮಾಲೆಯನ್ನು ರೇಷ್ಮೆ ಇಲ್ಲವೆ ಹತ್ತಿಯ ದಾರದಲ್ಲಿ, ಮಣಿಮಣಿಗೂ ಗಂಟಿಟ್ಟು ಪೋಣಿಸಿಸಿರಿ. ಕಡಿದರೂ ಮಣಿಗಳೆಲ್ಲ ಚೆಲ್ಲುವುದಿಲ್ಲ. ಕಡಿದುದು ಅಪಶಕುನವೆಂದು ಹೆದರಬೇಕಾಗಿಲ್ಲ. ದಿನವೂ ಎಳೆದ ದಾರ ಸವೆಯುವುದು ಸಹಜ. ತುಳಸಿಯನ್ನು ನೀರಿನಲ್ಲಿ ನೆನೆಸಬಾರದು. ರುದ್ರಾಕ್ಷಿಗೆ ಕೊಳೆ ಕೂತರೆ ಮೃದುವಾದ ಕುಂಚದಿಂದ ತಿಕ್ಕಿ, ಚೆನ್ನಾಗಿ ಆರಿಸಿ, ಒಂದು ಹನಿ ಎಣ್ಣೆ ಸವರಿದರೆ ಬಿರುಕು ಬಿಡದು.

ಕೊನೆಗೆ, ತೀರಿಹೋದ ತಾಯಿಯ ಮಾಲೆಯನ್ನು ಏನು ಮಾಡಬೇಕು? ಕೆಲವು ಮನೆಗಳಲ್ಲಿ ಅದನ್ನು ಅವರೊಡನೆಯೇ ಕಳುಹಿಸುತ್ತಾರೆ, ಕೆಲವರು ನದಿಗೆ ಬಿಡುತ್ತಾರೆ. ತಾಯಿಯು ಬದುಕಿರುವಾಗಲೇ ಮಗಳ ಕೈಗೋ ಸೊಸೆಯ ಕೈಗೋ ಕೊಟ್ಟಿದ್ದರೆ ಅವರು ದಾರ ಬದಲಿಸಿ ಅದೇ ನಾಮಕ್ಕೆ ಬಳಸುವುದರಲ್ಲಿ ತಪ್ಪಿಲ್ಲವೆಂದು ನಮ್ಮ ಮತ. ನದಿಗೆ ಬಿಡುವುದಾದರೆ ನೈಲಾನ್ ದಾರ, ಪ್ಲಾಸ್ಟಿಕ್ಕಿನ ಗೊಂಡೆ, ತಗಡಿನ ಟೋಪಿಗಳನ್ನು ಬಿಡಿಸಿ ಮಣಿಗಳನ್ನಷ್ಟೇ ಬಿಡಿರಿ. ಚಂದ್ರಭಾಗೆಯ ದಂಡೆಯಲ್ಲಿ ಈಗಾಗಲೇ ಸಾಕಷ್ಟು ಕಸವಿದೆ. ನದಿ ದೂರವಿದ್ದವರು ಮನೆಯ ತುಳಸಿಕಟ್ಟೆಯ ಮಣ್ಣಿನಲ್ಲಿ ಒಂದು ಗೇಣು ಆಳಕ್ಕೆ ಹೂಳಿದರೂ ಆಯಿತು.