750 ವ್ಯಾಟ್ ಎಸ್‌ಎಂಪಿಎಸ್ ಹಾಕಿಸಿದರೆ ಗೃಹಜ್ಯೋತಿ ಕೈತಪ್ಪುತ್ತದೆಯೇ?

"ಕಂಪ್ಯೂಟರ್‌ಗೆ ದೊಡ್ಡ ಎಸ್‌ಎಂಪಿಎಸ್ ಹಾಕಿಸಬೇಡಿ, 750 ವ್ಯಾಟ್ ಎಳೆದು ಕರೆಂಟ್ ಬಿಲ್ ಏರಿಸುತ್ತದೆ" ಎನ್ನುವವರಿದ್ದಾರೆ. ಲೆಕ್ಕ ಸರಿಯೆಂದೇ ಕಾಣುತ್ತದೆ: 750 ವ್ಯಾಟ್, ದಿನಕ್ಕೆ 5 ಗಂಟೆ, 30 ದಿನ, ಅಂದರೆ 112 ಯೂನಿಟ್‌ಗೂ ಹೆಚ್ಚು. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕಾದ್ದರಿಂದ ಭಯವೂ ಸಹಜ. ಆದರೆ ಈ ಲೆಕ್ಕದ ಬುಡವೇ ತಪ್ಪು.

ಎಸ್‌ಎಂಪಿಎಸ್ ಮೇಲಿರುವ ಅಂಕಿ ಅದು ಕೊಡಬಲ್ಲ ಗರಿಷ್ಠ ವಿದ್ಯುತ್. ಹತ್ತು ಟನ್ ಹೊರುವ ಲಾರಿಯಲ್ಲಿ ಅರಸೀಕೆರೆ ಎಪಿಎಂಸಿಗೆ ನಾಲ್ಕು ಚೀಲ ಕೊಬ್ಬರಿ ತಂದರೆ, ತೂಕದ ಚೀಟಿಯಲ್ಲಿ ಬರುವುದು ನಾಲ್ಕು ಚೀಲದ ತೂಕವೇ. ಹಾಗೆಯೇ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್ ಟೈಪಿಂಗ್, ಬ್ರೌಸಿಂಗ್‌ಗೆ ಸಾಮಾನ್ಯವಾಗಿ 40ರಿಂದ 60 ವ್ಯಾಟ್ ಎಳೆಯುತ್ತದೆ. ತಿಂಗಳಿಗೆ ಹೆಚ್ಚೆಂದರೆ 9 ಯೂನಿಟ್. ಮಾನಿಟರ್‌ಗೆ ಇನ್ನು ಮೂರ್ನಾಲ್ಕು.

ಹಾಗಾದರೆ ಎಷ್ಟು ವ್ಯಾಟ್‌ನದು ಬೇಕು? ಬಿಡಿಭಾಗಗಳ ಗರಿಷ್ಠ ಬಳಕೆಯನ್ನು ಕೂಡಿಸಿ. ಇಂಟೆಲ್ ಐ5-12400 ಪ್ರೊಸೆಸರ್ 117 ವ್ಯಾಟ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ 170, ಮದರ್‌ಬೋರ್ಡ್, ರ್‍ಯಾಮ್, ಡಿಸ್ಕ್, ಫ್ಯಾನ್ ಎಲ್ಲಕ್ಕೂ ಸುಮಾರು 60. ಒಟ್ಟು 350ರ ಆಸುಪಾಸು. ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರಕ್ಕೆ ಇನ್ನೂ ಹೆಚ್ಚು ಎಳೆಯಬಹುದಾದ್ದರಿಂದ ಅರ್ಧದಷ್ಟು ಮೇಲಿಟ್ಟರೆ 550 ವ್ಯಾಟ್ ಸಾಕು. ಎನ್‌ವಿಡಿಯಾ ಈ ಕಾರ್ಡ್‌ಗೆ ಸೂಚಿಸುವುದೂ ಅಷ್ಟೇ. ಗ್ರಾಫಿಕ್ಸ್ ಕಾರ್ಡ್ ಬೇಡದ ಡಿಟಿಪಿ ಅಂಗಡಿಗೆ ಒಳ್ಳೆಯ 350 ವ್ಯಾಟ್‌ನದೇ ಧಾರಾಳ.

ನನ್ನ ಪ್ರಕಾರ ಹೆದರಬೇಕಾದ್ದು ದೊಡ್ಡ ಅಂಕಿಗಲ್ಲ, ಸುಳ್ಳು ಅಂಕಿಗೆ. ಕ್ಯಾಬಿನೆಟ್ ಜೊತೆಗೇ ಬರುವ ಅಗ್ಗದ ಎಸ್‌ಎಂಪಿಎಸ್ ಮೇಲೆ '450' ಎಂದು ದಪ್ಪಕ್ಷರದಲ್ಲಿದ್ದರೂ ಪಕ್ಕದ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ ನೋಡಿ. 14 ಎಂದಿದ್ದರೆ 12ರಿಂದ ಗುಣಿಸಿ: 168 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬಹುಪಾಲು ಎಳೆಯುವುದು ಈ 12 ವೋಲ್ಟ್‌ನಿಂದಲೇ. ಆಟದ ನಡುವೆ ಕಂಪ್ಯೂಟರ್ ತಾನಾಗಿ ಆಫ್ ಆಗುವುದಕ್ಕೆ ಇದೂ ಒಂದು ಕಾರಣ. ಬೇಗ ಕೆಟ್ಟರೆ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ಮಳೆಗಾಲದಲ್ಲಿ ಬೇಲೂರು, ಹಳೇಬೀಡು ಕಡೆ ಕರೆಂಟ್ ಹೋಗುತ್ತದೆಂದು ಯುಪಿಎಸ್ ಇಟ್ಟವರು ಇನ್ನೊಂದು ಗಮನಿಸಬೇಕು. 600 ವಿಎ ಎಂದರೆ 600 ವ್ಯಾಟ್ ಅಲ್ಲ. ಮನೆಬಳಕೆಯ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ 360 ವ್ಯಾಟ್. ಮೇಲಿನ ಗೇಮಿಂಗ್ ಕಂಪ್ಯೂಟರ್, ಮಾನಿಟರ್ ಎರಡೂ ಪೂರ್ತಿ ದುಡಿಯುತ್ತಿರುವಾಗ ಕರೆಂಟ್ ಹೋದರೆ ಇಷ್ಟು ಸಾಲದು.