ಆ ಮೂವರು ಸುಮ್ಮನೆ ಕೂತಿದ್ದಾರೆ

ಅಮೃತಾ ಶೇರ್‌ಗಿಲ್ ಅವರ ‘ಮೂವರು ಹುಡುಗಿಯರು’ ಚಿತ್ರದ ಮಾತು ಬಂದಲ್ಲೆಲ್ಲ ಒಂದೇ ವ್ಯಾಖ್ಯಾನ: ಪಾಪ, ಹಣೆಬರಹಕ್ಕೆ ತಲೆಬಾಗಿ ಕೂತ ಹೆಣ್ಣುಮಕ್ಕಳು ಅಂತ. ನನಗೆ ಈ ‘ಪಾಪ’ ಅನ್ನೋದೇ ಒಪ್ಪಿಗೆಯಾಗುವುದಿಲ್ಲ.

ಪ್ಯಾರಿಸ್ಸಿನಲ್ಲಿ ಕಲಿತು 1934ರ ಕೊನೆಗೆ ಭಾರತಕ್ಕೆ ಮರಳಿದ ಅಮೃತಾ 1935ರಲ್ಲಿ ಇದನ್ನು ಬರೆದರು. ಆಗ ಅವರಿಗೆ 22 ವರ್ಷ. 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಬಂತು. ಮೂಲಚಿತ್ರ ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ನನ್ನಂಥ ರೈತ ನೋಡಿರೋದು ಅಚ್ಚಾದ ಪ್ರತಿಯನ್ನೇ.

ಮೂವರೂ ಒತ್ತಿಕೊಂಡು ಕೂತಿದ್ದಾರೆ. ಬಟ್ಟೆ ಬಣ್ಣಬಣ್ಣದ್ದು, ಹಿಂದೆ ಬರೀ ಗೋಡೆ. ಒಬ್ಬಳೂ ನಮ್ಮತ್ತ ನೋಡುವುದಿಲ್ಲ, ಪಕ್ಕದವಳನ್ನೂ ನೋಡುವುದಿಲ್ಲ. ರಾಜಾ ರವಿವರ್ಮನ ಹೆಣ್ಣಿನ ಕೈಲಿ ವೀಣೆಯೋ ಕಾಗದವೋ ಇರುತ್ತೆ, ದಮಯಂತಿಯ ಎದುರು ಹಂಸ ಇರುತ್ತೆ. ಕಥೆ ತಾನೇ ಬಿಚ್ಚಿಕೊಳ್ಳುತ್ತೆ. ಇಲ್ಲಿ ಕೈ ಖಾಲಿ. ನಮ್ಮ ಮಡಕಶಿರಾ ಸೀಮೆಯಲ್ಲಿ ಮೂವರು ಹೆಂಗಸರು ಒಟ್ಟಿಗೆ ಕೂತರೆ ನಡುವೆ ಕಡ್ಲೆಕಾಯಿ ರಾಶಿಯೋ ಅಕ್ಕಿಯ ಮೊರವೋ ಇದ್ದೇ ಇರುತ್ತೆ. ಕೆಲಸವಿಲ್ಲದ ಹೆಣ್ಣಿನ ಕೈಯನ್ನು ನಮ್ಮ ಮನೆಗಳಲ್ಲಿ ಯಾರು ತಾನೇ ನೋಡಿದ್ದಾರೆ ಸ್ವಾಮಿ? ಅಮೃತಾ ಅದನ್ನು ನೋಡಿದರು.

ಇದಕ್ಕೆ ‘ಮೌನ’ ಎಂಬ ದೊಡ್ಡ ಮಾತು ಹೊಂದುವುದಿಲ್ಲ. ‘ಸುಮ್ಮನೆ’ ಅಂದರೆ ಕನ್ನಡದಲ್ಲಿ ಮಾತಿಲ್ಲದೆ ಅಂತಲೂ ಹೌದು, ಕಾರಣವಿಲ್ಲದೆ ಅಂತಲೂ ಹೌದು. ತೆಲುಗಿನ ‘ಊರಕೇ’ಗೂ ಅವೇ ಎರಡರ್ಥ. ಆ ಹುಡುಗಿಯರು ಕೂತಿರೋದು ಹಾಗೆ.

ದುಃಖವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಆ ಬಣ್ಣಗಳ ಅಡಿಯಲ್ಲಿ ಏನೋ ಒಂದು ಭಾರ ಇದೆ, ನಿಜ. ಬಡವರ ಬದುಕನ್ನು ಚಿತ್ರದಲ್ಲಿ ಹೇಳಬೇಕೆಂಬ ಹಂಬಲವೂ ಅಮೃತಾ ಅವರಿಗಿತ್ತು. ಆದರೆ ಆ ಭಾರಕ್ಕೆ ಹೆಸರಿಡೋ ಅವಸರ ನಮಗ್ಯಾಕೆ? ಹೆಣ್ಣು ನೋಡೋಕೆ ಹೋದಲ್ಲಿ ಹುಡುಗಿ ತಲೆ ಬಗ್ಗಿಸಿ ಕೂತರೆ ‘ಮೌನಂ ಸಮ್ಮತಿ ಲಕ್ಷಣಂ’ ಅಂತ ಹಿರೀಕರು ತಾಂಬೂಲ ಬದಲಾಯಿಸಿಬಿಡ್ತಾರೆ. ಚಿತ್ರದ ಮುಂದೆ ನಿಂತವರು ಅದೇ ಬಗ್ಗಿದ ತಲೆ ನೋಡಿ ‘ಪಾಪ’ ಅಂತಾರೆ. ಎರಡು ಕಡೆಯೂ ಹುಡುಗಿಯನ್ನು ಕೇಳಿದವರಿಲ್ಲ. ಹೆಣ್ಣಿನ ನೋವನ್ನು ಗಂಡಸರೇ ಹಾಡಿ ಚಪ್ಪಾಳೆ ಗಿಟ್ಟಿಸುವ ನಮ್ಮ ಕವಿಗೋಷ್ಠಿಗಳ ಚಾಳಿಯೂ ಇದೇ.

ಶಾಲೆಯಲ್ಲಿ ಈ ಚಿತ್ರ ತೋರಿಸುವ ಮೇಷ್ಟ್ರು ಯಾರಾದರೂ ಇದ್ದರೆ, ಈ ಮೂವರು ಏನು ಯೋಚಿಸ್ತಿರಬಹುದು ಅಂತ ಮೊದಲು ಹೆಣ್ಣುಮಕ್ಕಳನ್ನು ಕೇಳಲಿ. ಅವರು ಹೇಳಿ ಮುಗಿಸೋ ತನಕ ಮೇಷ್ಟ್ರು ಸುಮ್ಮನಿರಲಿ.